ಆಫ್‌ರೋಡ್ ಬೈಕ್ ತಗೋತೀರಾ? ಸಿಸಿ ಕೇಳೋ ಮುಂಚೆ ಸರ್ವಿಸ್ ಲೆಕ್ಕ ಹಾಕ್ಕೊಳ್ಳಿ

ಆಫ್‌ರೋಡ್ ಬೈಕ್ ತಗೋಬೇಕು ಅಂತ ತಲೇಲಿ ಹುಳ ಬಿಟ್ಕೊಂಡೋರು ನನ್ನ ಹತ್ರ ಬಂದು ಕೇಳೋ ಮೊದಲ್ನೇ ಪ್ರಶ್ನೆ ಯಾವಾಗ್ಲೂ ಒಂದೇ, "ಎಷ್ಟು ಸಿಸಿ ತಗೊಳ್ಲಿ?" ನಾನು ತಿರುಗಿಸಿ ಕೇಳೋದೂ ಒಂದೇ, ಓಡಿಸಿ ಬಂದ್ಮೇಲೆ ಬೈಕ್ ಪಕ್ಕ ಎಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂರೋಕೆ ರೆಡಿ ಇದೀಯ? ಆಗ ಮುಖ ಮುಖ ನೋಡ್ತಾರೆ. ಆದ್ರೆ ಈ ಬೈಕುಗಳ ಮಧ್ಯೆ ಇರೋ ದೊಡ್ಡ ವ್ಯತ್ಯಾಸ ಅದೇನೇ, ಒಂದು ಬೈಕು ಹತ್ತು ಗಂಟೆ ಓಡಿದ್ರೆ ಆಯಿಲ್ ಕೇಳತ್ತೆ, ಇನ್ನೊಂದು ಸಾವಿರಾರು ಕಿಲೋಮೀಟರ್ ಓಡಿದ್ರೂ ಸುಮ್ನಿರತ್ತೆ, ಎರಡೂ ನೋಡೋಕೆ ಮಾತ್ರ ಒಂದೇ ಥರ ಎತ್ತರದ ಮಡ್‌ಗಾರ್ಡು, ಗುಬುಟು ಟೈರು, ತೆಳ್ಳನೆ ಸೀಟು.

ನಾನೂ ಇದನ್ನ ಕಷ್ಟಪಟ್ಟೇ ಕಲ್ತಿದ್ದು. ಮೊದ್ಲು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ 250 ಮೋಟೋಕ್ರಾಸ್, ಅಂದ್ರೆ ಮಣ್ಣಿನ ಟ್ರ್ಯಾಕ್ ರೇಸಿನ ಬೈಕು, ಯಾಕಂದ್ರೆ ಫೋಟೋದಲ್ಲಿ ಸಕ್ಕತ್ತಾಗಿತ್ತು. ಅದನ್ನ ತಗೊಂಡೋಗಿ ಕಲ್ಲುಬಂಡೆ ಇರೋ ಕಾಡುದಾರೀಲಿ, ನಡ್ಕೊಂಡು ಹೋಗೋ ಸ್ಪೀಡಲ್ಲಿ ಏರು ಹತ್ತಿಸೋಕೆ ನೋಡ್ದೆ. ಫಸ್ಟ್ ಗೇರೇ ಉದ್ದ, ಕ್ಲಚ್ ಪೂರ್ತಿ ಬಿಟ್ರೆ ಆಫ್ ಆಗತ್ತೆ, ಹಿಡ್ಕೊಂಡೇ ಇದ್ರೆ ಕಾಯತ್ತೆ, ರೇಡಿಯೇಟರ್‌ಗೆ ಫ್ಯಾನ್ ಅನ್ನೋದೇ ಇಲ್ಲ. ಅರ್ಧ ಗಂಟೇಲಿ ಓವರ್‌ಫ್ಲೋ ಪೈಪಿಂದ ಹಸಿರು ನೀರು ಪುಸ್ ಪುಸ್ ಅಂತ ಬಿಸಿ ಸೈಲೆನ್ಸರ್ ಪೈಪ್ ಮೇಲೆ ಬಿದ್ದು ಸಿಹಿ ವಾಸನೆಯ ಹೊಗೆ. ಆರೋ ತನಕ ಕಾದು, ಹೊರಟು, ಮತ್ತೆ ಕಾದು, ಅಷ್ಟೊತ್ತಿಗೆ ಕತ್ತಲಾಯ್ತು, ಆವಾಗ ನೆನಪಾಗಿದ್ದು ಈ ಬೈಕಿಗೆ ಹೆಡ್‌ಲೈಟೂ ಇಲ್ಲ ಅಂತ. ಬೈಕ್ ತಪ್ಪಲ್ಲ ಅದು, ರೇಸ್ ಕುದುರೇನ ತಂದು ಗಾಡಿಗೆ ಕಟ್ಟಿದ್ದು ನಾನು.

ಒಂದೇ ನಂಬರ್, ಬೇರೆ ಬೇರೆ ಪ್ರಾಣಿ

ಮೊದ್ಲು ಹೆಸರಿನ ಕೊನೇಲಿರೋ ಅಕ್ಷರ ಓದೋದು ಕಲೀರಿ. ಹೋಂಡಾ ತಗೊಳ್ಳಿ. ಸಿಆರ್‌ಎಫ್250ಆರ್ ಅಂದ್ರೆ ಶುದ್ಧ ಮೋಟೋಕ್ರಾಸ್ ರೇಸ್ ಬೈಕ್. 250ಆರ್‌ಎಕ್ಸ್ ಅದರದೇ ತಮ್ಮ, ದೊಡ್ಡ ಟ್ಯಾಂಕು, 18 ಇಂಚಿನ ಹಿಂದಿನ ಚಕ್ರ, ಸ್ವಲ್ಪ ಮೆದು ಸಸ್ಪೆನ್ಷನ್. 250ಎಫ್ ಅಂದ್ರೆ ಏರ್ ಕೂಲ್ಡ್ ಇಂಜಿನ್ನಿನ ಸಾಧು ಟ್ರೇಲ್ ಬೈಕ್. 250ಎಲ್ ಅಂದ್ರೆ ಲೈಟು, ಇಂಡಿಕೇಟರ್ ಎಲ್ಲ ಇರೋ ಡ್ಯುಯಲ್ ಸ್ಪೋರ್ಟ್, ಅದೇ 2021ರಿಂದ 286 ಸಿಸಿ ಇಂಜಿನ್ ಹಾಕ್ಕೊಂಡು 300ಎಲ್ ಆಯ್ತು. ನಾಲ್ಕಕ್ಕೂ 250 ಅಂತಾನೇ ಹೆಸ್ರು, ಆದ್ರೆ ಆರ್‌ಗೂ ಎಲ್‌ಗೂ ತೂಕದಲ್ಲೇ ಹತ್ತತ್ರ 40 ಕೆಜಿ ಫರಕು. ಯಮಹಾದಲ್ಲಿ ವೈಝಡ್ ಅಂದ್ರೆ ಮೋಟೋಕ್ರಾಸ್, ಡಬ್ಲ್ಯುಆರ್ ಅಂದ್ರೆ ಎಂಡ್ಯೂರೋ (ಕಾಡು ಬೆಟ್ಟದ ದಾರೀಲಿ ಗಂಟೆಗಟ್ಲೆ ಓಡೋ ಬೈಕು) ಕಡೆಗೆ, ಟಿಟಿ-ಆರ್ ಅಂದ್ರೆ ಟ್ರೇಲ್. ಕೆಟಿಎಂನಲ್ಲಿ ಎಸ್‌ಎಕ್ಸ್ ಮೋಟೋಕ್ರಾಸ್, ಇಎಕ್ಸ್‌ಸಿ ಎಂಡ್ಯೂರೋ. ಜಾಹೀರಾತಲ್ಲಿ "250 ಡರ್ಟ್ ಬೈಕ್" ಅಂತಷ್ಟೇ ಹಾಕಿದ್ರೆ ಫೋನ್ ಮಾಡಿ ಕೇಳೋ ಮೊದಲ್ನೇ ಮಾತು ಈ ಅಕ್ಷರ.

ಈಗ ಯಾವುದು ಯಾವುದಕ್ಕೆ ಅಂತ. ಮೋಟೋಕ್ರಾಸ್ ಬೈಕು ಇಪ್ಪತ್ತು ಮೂವತ್ತು ನಿಮಿಷ ಕಟ್ಟಿದ ಟ್ರ್ಯಾಕಲ್ಲಿ ಪ್ರಾಣ ಬಿಟ್ಟು ಓಡೋಕೆ ಮಾಡಿರೋದು. ಗೇರುಗಳು ಒಂದಕ್ಕೊಂದು ಹತ್ರ, ಸಾಮಾನ್ಯವಾಗಿ ಐದೇ ಗೇರು, ಫ್ಲೈವೀಲ್ (ಇಂಜಿನ್ ಒಂದೇ ಸಮ ತಿರುಗ್ತಾ ಇರೋಕೆ ಇರೋ ಭಾರದ ಚಕ್ರ) ಹಗುರ ಆದ್ರಿಂದ ಆಕ್ಸಿಲರೇಟರ್ ತಿರುಗಿಸಿದ ತಕ್ಷಣ ಎಗರತ್ತೆ, ಅದೇ ಕಾರಣಕ್ಕೆ ನಿಧಾನಕ್ಕೆ ಹೋಗ್ಬೇಕಾದ್ರೆ ಬೇಗ ಆಫ್ ಆಗತ್ತೆ. ಸ್ಟ್ಯಾಂಡ್ ಕೂಡ ಇರಲ್ಲ. ಹಿಂದಿನ ಚಕ್ರ 19 ಇಂಚು, ಯಾಕಂದ್ರೆ ಟೈರಿನ ಗೋಡೆ ಗಿಡ್ಡ ಇದ್ದಷ್ಟೂ ತಿರುವಲ್ಲಿ ಹಿಂದ್ಗಡೆ ಓಲಾಡಲ್ಲ. ಎಂಡ್ಯೂರೋ ಬೈಕಿಗೆ ಹಿಂದೆ 18 ಇಂಚು, ಗೋಡೆ ಎತ್ತರದ ಟೈರು, ಕಲ್ಲಿಗೆ ಬಡಿದ್ರೆ ರಿಮ್ ತನಕ ಏಟು ಮುಟ್ಟೋದು ಕಮ್ಮಿ. ಮುಂದಿನ ಚಕ್ರ ಎರಡಕ್ಕೂ 21 ಇಂಚೇ. ಎಂಡ್ಯೂರೋದಲ್ಲಿ ಫಸ್ಟ್ ಗೇರ್ ಗಿಡ್ಡ, ಕೊನೇ ಗೇರ್ ಉದ್ದ, ಫ್ಲೈವೀಲ್ ಭಾರ, ಲೈಟ್ ಇರತ್ತೆ, ಸುಮಾರು ಮಾಡೆಲ್ಲಿಗೆ ರೇಡಿಯೇಟರ್ ಫ್ಯಾನೂ ಇರತ್ತೆ ಇಲ್ಲಾ ಹಾಕಿಸ್ಕೋಬೋದು. ಆದ್ರೆ ಇಂಜಿನ್ ರೇಸ್ ಜಾತಿಯದೇ, ಸರ್ವಿಸ್ ಗಂಟೆ ಲೆಕ್ಕದಲ್ಲೇ.

ಟ್ರೇಲ್ ಬೈಕು, ಅಂದ್ರೆ ಆ ಏರ್ ಕೂಲ್ಡ್ ಸಾಧುಗಳು, ಇವನ್ನ ಜನ ಹಗುರವಾಗಿ ನೋಡ್ತಾರೆ, "ಮಕ್ಕಳ ಬೈಕ್" ಅಂತಾರೆ, ನಂಗೆ ಆ ಮಾತು ಕೇಳಿದ್ರೆ ಉರಿಯತ್ತೆ. ಪವರ್ ಕಮ್ಮಿ ಹೌದು, ಸಸ್ಪೆನ್ಷನ್ ಮೆದು ಹೌದು, ದೊಡ್ಡ ಜಂಪ್ ಹೊಡೆದ್ರೆ ತಳ ಬಡಿಯತ್ತೆ. ಆದ್ರೆ ರೇಡಿಯೇಟರೇ ಇಲ್ಲ ಅಂದ್ಮೇಲೆ ಬಿದ್ರೆ ಒಡೆಯೋಕೇನೂ ಇಲ್ಲ, ಸೀಟು ತಗ್ಗು, ಕಾಲು ನೆಲಕ್ಕೆ ಸಿಗತ್ತೆ, ಬಟನ್ ಒತ್ತಿದ್ರೆ ಸ್ಟಾರ್ಟ್. ಮೊದಲ ಎರಡು ವರ್ಷ ಇದ್ರಲ್ಲಿ ಕಲ್ತೋನು ಆಮೇಲೆ ಯಾವ ಬೈಕ್ ಕೊಟ್ರೂ ಓಡಿಸ್ತಾನೆ.

ಡ್ಯುಯಲ್ ಸ್ಪೋರ್ಟ್ ಅನ್ನೋದು ರಾಜಿ. ರೋಡಲ್ಲೂ ಹೋಗತ್ತೆ, ಮಣ್ಣಲ್ಲೂ ಹೋಗತ್ತೆ, ಎರಡರಲ್ಲೂ ನೂರಕ್ಕೆ ಎಪ್ಪತ್ತು ಮಾರ್ಕ್ಸು. 300ಎಲ್ 142 ಕೆಜಿ ಇದೆ, ಸೀಟ್ 880 ಮಿಲಿಮೀಟರ್. ಹಳೇ ಹುಲಿಗಳೂ ಇದಾವೆ, ಹೋಂಡಾ ಎಕ್ಸ್‌ಆರ್650ಎಲ್ 1993ರಲ್ಲಿ ಬಂದಿದ್ದು, ಸುಝುಕಿ ಡಿಆರ್650ಎಸ್‌ಇ 1996ರಲ್ಲಿ, ಎರಡೂ ಕಾರ್ಬ್ಯುರೇಟರ್ ಇರೋ ಒಂಟಿ ಸಿಲಿಂಡರ್ ಇಂಜಿನ್ನು, ರೇಡಿಯೇಟರ್ ಇಲ್ಲ, ವರ್ಷಾನುಗಟ್ಲೆ ಹೆಚ್ಚೇನೂ ಬದಲಾಗದೆ ಮಾರಾಟ ಆಗಿದ್ದೇ ಅವು ಎಷ್ಟು ಗಟ್ಟಿ ಅನ್ನೋದಕ್ಕೆ ಸಾಕ್ಷಿ. ಆದ್ರೆ 160 ಕೆಜಿ ಆಸುಪಾಸಿನ ಬೈಕು ಕೆಸರಲ್ಲಿ ಅಡ್ಡ ಬಿದ್ರೆ ಒಬ್ರೇ ಎತ್ತೋವಾಗ ಸೊಂಟ ಮಾತಾಡತ್ತೆ.

ಟ್ರಯಲ್ಸ್ ಬೈಕು ಬೇರೇನೇ ಲೋಕ, ಸೀಟೇ ಇಲ್ಲ, 70 ಕೆಜಿ ಆಚೆ ಈಚೆ ತೂಕ, ಬಂಡೆ ಮೇಲೆ ನಿಂತ್ಕೊಂಡೇ ಆಡೋ ಆಟ. ನಿಮ್ಗೆ ಅದು ಬೇಕಾಗಿದ್ರೆ ನಿಮ್ಗೇ ಗೊತ್ತಿರತ್ತೆ.

ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ

ಈ ಜಗಳ ಮುಗಿಯೋದಲ್ಲ, ಆದ್ರೂ ಹೇಳ್ತೀನಿ. ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದ್ರೆ ಒಂದ್ಸಲ ಪೆಟ್ರೋಲ್ ಉರಿಯತ್ತೆ, ಫೋರ್ ಸ್ಟ್ರೋಕಲ್ಲಿ ಎರಡು ಸುತ್ತಿಗೆ ಒಂದ್ಸಲ. ಅದಕ್ಕೇ ಮೋಟೋಕ್ರಾಸ್ ರೇಸಲ್ಲಿ 125 ಟೂ ಸ್ಟ್ರೋಕ್ ಪಕ್ಕ 250 ಫೋರ್ ಸ್ಟ್ರೋಕ್, 250 ಟೂ ಸ್ಟ್ರೋಕ್ ಪಕ್ಕ 450 ಫೋರ್ ಸ್ಟ್ರೋಕ್ ನಿಲ್ಲಿಸ್ತಾ ಬಂದಿದ್ದು. ಒಂದ್ಕಾಲದಲ್ಲಿ ಟ್ರ್ಯಾಕ್ ತುಂಬಾ ಟೂ ಸ್ಟ್ರೋಕೇ ಇತ್ತು, 1997ರಲ್ಲಿ ರೇಸರ್ ಡಗ್ ಹೆನ್ರಿ ಯಮಹಾದ ಫೋರ್ ಸ್ಟ್ರೋಕ್ ಪ್ರೋಟೋಟೈಪ್ ತಗೊಂಡು ಲಾಸ್ ವೇಗಾಸ್ ಸೂಪರ್‌ಕ್ರಾಸ್ ಗೆದ್ದ, ಮುಂದಿನ ವರ್ಷ ವೈಝಡ್400ಎಫ್ ಅಂಗಡಿಗೆ ಬಂತು, ಅಲ್ಲಿಂದ ಗಾಳಿ ತಿರುಗಿತು.

ಓಡಿಸೋವಾಗ ಎರಡರ ಸ್ವಭಾವ ಎತ್ತು ಏರಿಗೆ ಕೋಣ ನೀರಿಗೆ. ಸಣ್ಣ ಟೂ ಸ್ಟ್ರೋಕು, ಮುಖ್ಯವಾಗಿ 125, ಕೆಳಗಡೆ ನಿದ್ದೆ ಮಾಡ್ತಿರತ್ತೆ, ಪವರ್‌ಬ್ಯಾಂಡ್, ಅಂದ್ರೆ ಪೂರ್ತಿ ದಮ್ಮು ಕೊಡೋ ಆರ್‌ಪಿಎಂ, ಮುಟ್ಟಿದ ತಕ್ಷಣ ಯಾರೋ ಹಿಂದಿಂದ ನೂಕಿದಂಗೆ ಎಗರತ್ತೆ. ಫೋರ್ ಸ್ಟ್ರೋಕ್ ಕೆಳಗಿಂದಾನೇ ಎಳ್ಕೊಂಡು ಬರತ್ತೆ, ಆಕ್ಸಿಲರೇಟರ್ ಬಿಟ್ರೆ ಇಂಜಿನ್ನೇ ಬ್ರೇಕ್ ಹಿಡಿಯತ್ತೆ. ಟೂ ಸ್ಟ್ರೋಕಲ್ಲಿ ಆ ಇಂಜಿನ್ ಬ್ರೇಕಿಂಗ್ ತುಂಬಾ ಕಮ್ಮಿ, ಕಡಿದಾದ ಇಳಿಜಾರಲ್ಲಿ ಕೈ ಕಾಲು ಎರಡರದೂ ಬ್ರೇಕ್ ನಂಬ್ಕೊಂಡೇ ಇಳೀಬೇಕು. ಆದ್ರೆ 300 ಸಿಸಿ ಎಂಡ್ಯೂರೋ ಟೂ ಸ್ಟ್ರೋಕ್ ಓಡಿಸಿದ್ರೆ ಈ ಮಾತೆಲ್ಲ ಅರ್ಧ ಸುಳ್ಳಾಗತ್ತೆ, ಟ್ರ್ಯಾಕ್ಟರ್ ಥರ ಎಳೆಯತ್ತೆ, ಕಡಿದಾದ ಕಾಡುಬೆಟ್ಟದ ರೇಸುಗಳಲ್ಲಿ ಅದೇ ಜಾಸ್ತಿ ಕಾಣೋದಕ್ಕೆ ಕಾರಣ ಇದೆ.

ಸರ್ವಿಸ್ ಕಡೆ ಬಂದ್ರೆ ಟೂ ಸ್ಟ್ರೋಕ್ ಪದೇ ಪದೇ ಕೇಳತ್ತೆ, ಆದ್ರೆ ಸ್ವಲ್ಪ ಸ್ವಲ್ಪನೇ ಕೇಳತ್ತೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಹೆಡ್ ಬಿಚ್ಚಿ, ಸಿಲಿಂಡರ್ ಎತ್ತಿ, ಪಿಸ್ಟನ್ನು ರಿಂಗು ಬದಲಾಯಿಸಿ ಒಂದು ಮಧ್ಯಾಹ್ನದೊಳಗೆ ಮನೇಲೇ ಮುಗಿಸ್ಬೋದು. ಫೋರ್ ಸ್ಟ್ರೋಕ್ ರೇಸ್ ಇಂಜಿನ್ ಅಷ್ಟು ಸಲ ಕೇಳಲ್ಲ, ಆದ್ರೆ ಕೇಳಿದ ದಿನ ಜೇಬು ಖಾಲಿ. 250 ಮೋಟೋಕ್ರಾಸ್ ಇಂಜಿನ್ 13,000 ಆರ್‌ಪಿಎಂ ಹತ್ರ ಹೋಗತ್ತೆ, ಒಳಗಿರೋದು ಗಿಡ್ಡ ಪಿಸ್ಟನ್, ತೆಳ್ಳನೆ ಟೈಟಾನಿಯಂ ವಾಲ್ವು, ಇಡೀ ಇಂಜಿನ್ನಿಗೆ ಆಯಿಲ್ ಒಂದು ಲೀಟರ್ ಆಚೆ ಈಚೆ. ವಾಲ್ವ್ ಒಂದು ತುಂಡಾಗಿ ಒಳಗೆ ಬಿದ್ರೆ ಪಿಸ್ಟನ್ನು, ಹೆಡ್ಡು, ಸಿಲಿಂಡರು ಎಲ್ಲ ಒಟ್ಟಿಗೆ ಹೋಗತ್ತೆ. ಅದು ಮುಂಚೇನೇ ಸೂಚನೆ ಕೊಡತ್ತೆ, ಅದೇ ಸಮಾಧಾನ: ತಣ್ಣಗಿರೋ ಇಂಜಿನ್ನು ದಿನೇ ದಿನೇ ಸ್ಟಾರ್ಟ್ ಆಗೋಕೆ ಸತಾಯಿಸ್ತಿದ್ರೆ ಮೊದ್ಲು ವಾಲ್ವ್ ಕ್ಲಿಯರೆನ್ಸ್, ಅಂದ್ರೆ ವಾಲ್ವಿಗೂ ಅದನ್ನ ಒತ್ತೋ ಭಾಗಕ್ಕೂ ಮಧ್ಯೆ ಇರೋ ಗ್ಯಾಪ್, ನೋಡಿಸಿ. ವಾಲ್ವೂ ಸೀಟೂ ಸವೆದಂಗೆಲ್ಲ ವಾಲ್ವ್ ಮೇಲಕ್ಕೆ ಹೋಗಿ ಗ್ಯಾಪ್ ಕಮ್ಮಿ ಆಗತ್ತೆ, ಕೊನೆಗೆ ಪೂರ್ತಿ ಮುಚ್ಚೋದೇ ಇಲ್ಲ, ಕಂಪ್ರೆಷನ್ ಸೋರತ್ತೆ. ಒಂದ್ಸಲ ಶಿಮ್ (ಆ ಗ್ಯಾಪ್ ಸರಿ ಮಾಡೋ ಪುಟ್ಟ ಬಿಲ್ಲೆ) ಹಾಕಿ ಸರಿ ಮಾಡಿದ್ಮೇಲೆ ಕೆಲವೇ ಗಂಟೆಗೆ ಮತ್ತೆ ಟೈಟ್ ಆಯ್ತು ಅಂದ್ರೆ ಶಿಮ್ ಆಟ ಮುಗೀತು, ವಾಲ್ವೇ ಬದಲಾಯಿಸ್ಬೇಕು.

ಟೂ ಸ್ಟ್ರೋಕ್ ತಗೊಂಡ್ರೆ ಪೆಟ್ರೋಲಿಗೆ ಆಯಿಲ್ ಬೆರೆಸೋ ಲೆಕ್ಕ ಬಾಯಿಪಾಠ ಇರ್ಬೇಕು. 40:1 ಅಂದ್ರೆ 5 ಲೀಟರ್ ಪೆಟ್ರೋಲಿಗೆ 125 ಎಂಎಲ್, 60:1 ಅಂದ್ರೆ ಸುಮಾರು 83 ಎಂಎಲ್. ಯಾವ ಅನುಪಾತ ಅನ್ನೋದು ಮ್ಯಾನ್ಯುಯಲ್ ಹೇಳಿದಂಗೆ, ಪಕ್ಕದೋನು ಹೇಳಿದಂಗಲ್ಲ. ಇನ್ನೊಂದು, ಆಯಿಲ್ ಜಾಸ್ತಿ ಹಾಕಿದ್ರೆ ಇಂಜಿನ್ ತಂಪಾಗಿರತ್ತೆ ಅಂತ ಮನಸಿಗೆ ಬಂದಷ್ಟು ಸುರೀತಾರೆ, ಆಯಿಲ್ ಜಾಸ್ತಿ ಆದಷ್ಟೂ ಅದೇ ಅಳತೇಲಿ ಪೆಟ್ರೋಲ್ ಕಮ್ಮಿ ಆಗಿ ಇಂಜಿನ್ ಇನ್ನೂ ಕಾಯತ್ತೆ ಅನ್ನೋದು ತಲೇಗೆ ಹೋಗಲ್ಲ. ಗೇರ್‌ಬಾಕ್ಸ್ ಆಯಿಲ್ ಬೇರೆ, ಅದನ್ನ ಮರೀಬೇಡಿ, ಬೆರೆಸೋ ಆಯಿಲ್ಲೇ ಎಲ್ಲಾ ಕಡೆ ಹೋಗತ್ತೆ ಅನ್ಕೊಂಡಿದ್ದ ಒಬ್ನ ಕ್ಲಚ್ಚು ಕರಿ ಬಿಸ್ಕತ್ತಿನಂಗೆ ಆಗಿದ್ದು ನೋಡಿದೀನಿ.

ಕಾರ್ಬ್ಯುರೇಟರ್ ವರ್ಸಸ್ ಇಂಜೆಕ್ಷನ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಬೆಟ್ಟ ಹತ್ತಿದಂಗೆ ಗಾಳಿ ತೆಳ್ಳಗಾಗತ್ತೆ, ಕಾರ್ಬ್ಯುರೇಟರ್ ಗಾಡಿ ರಿಚ್ ಆಗಿ, ಅಂದ್ರೆ ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಜಾಸ್ತಿ ಆಗಿ, ಉಸಿರು ಕಟ್ಟತ್ತೆ, ಸಣ್ಣ ಜೆಟ್ (ಪೆಟ್ರೋಲ್ ಬಿಡೋ ತೂತಿನ ಬಿಲ್ಲೆ) ಹಾಕ್ಬೇಕು. ಇಂಜೆಕ್ಷನ್ನು ಇದನ್ನ ತಾನೇ ನೋಡ್ಕೊಳತ್ತೆ. ಟೂ ಸ್ಟ್ರೋಕ್ ಎಂಡ್ಯೂರೋದಲ್ಲೂ ಕೆಟಿಎಂ 2018ರ ಮಾಡೆಲ್‌ಗಳಿಂದ ಇಂಜೆಕ್ಷನ್ ತಂತು. ಆದ್ರೆ ಮೂರು ತಿಂಗಳು ನಿಲ್ಲಿಸಿದ ಕಾರ್ಬ್ಯುರೇಟರ್‌ನ ದಾರಿ ಮಧ್ಯೆ ಒಂದು ಸ್ಕ್ರೂಡ್ರೈವರ್ ಇಟ್ಕೊಂಡು ಬಿಚ್ಚಿ ಊದಿ ಸರಿ ಮಾಡ್ಬೋದು, ಫ್ಯುಯಲ್ ಪಂಪ್ ಸತ್ರೆ ತಳ್ಕೊಂಡೇ ಬರ್ಬೇಕು. ಸೆಲ್ಫ್ ಸ್ಟಾರ್ಟ್ ಇರ್ಲಿ, ಅದ್ರಲ್ಲಿ ಎರಡನೇ ಮಾತಿಲ್ಲ, ಇಳಿಜಾರಲ್ಲಿ ಒಂದೇ ಕಾಲು ನೆಲದ ಮೇಲಿದ್ದಾಗ ಕಿಕ್ಕರ್ ಹೊಡೆಯೋಕೆ ಆಗಲ್ಲ.

ಸೀಟ್ ಎತ್ತರ, ಸಸ್ಪೆನ್ಷನ್, ಟೈರು

ಎಂಡ್ಯೂರೋ, ಮೋಟೋಕ್ರಾಸ್ ಎರಡಕ್ಕೂ ಸಸ್ಪೆನ್ಷನ್ ಸುಮಾರು 300 ಮಿಲಿಮೀಟರ್ ಆಡತ್ತೆ, ಸೀಟ್ 950 ಹತ್ರ ಇರತ್ತೆ. ಶೋರೂಮಲ್ಲಿ ಹತ್ತಿ ಕೂತು, ತುದಿಗಾಲು ಮಾತ್ರ ಮುಟ್ತಿದೆ ಅಂತ ಹೆದರ್ಬೇಡಿ, ಅದು ಎಲ್ಲರಿಗೂ ಹಂಗೇ. ಹೆದರ್ಬೇಕಾಗಿರೋದು ಸಸ್ಪೆನ್ಷನ್ ನಿಮ್ಮ ತೂಕಕ್ಕೆ ಸೆಟ್ ಆಗಿಲ್ದೆ ಇರೋದಕ್ಕೆ.

ಇದನ್ನ ಅಳೆಯೋದು ಸುಲಭ, ಆದ್ರೂ ಹತ್ತರಲ್ಲಿ ಒಂಬತ್ತು ಜನ ಮಾಡಲ್ಲ. ಬೈಕ್‌ನ ಸ್ಟೂಲ್ ಮೇಲೆ ಎತ್ತಿಟ್ಟು ಹಿಂದಿನ ಚಕ್ರ ಗಾಳೀಲಿ ತೂಗೋ ಥರ ಮಾಡಿ. ಹಿಂದಿನ ಆಕ್ಸಲ್ಲಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಮೇಲೆ ಒಂದು ಗುರ್ತು ಹಾಕಿ ಅಳೀರಿ, 600 ಮಿಲಿಮೀಟರ್ ಬಂತು ಅನ್ಕೊಳ್ಳಿ. ಈಗ ಕೆಳಗಿಳಿಸಿ, ಹೆಲ್ಮೆಟ್ಟು ಬೂಟು ಎಲ್ಲ ಹಾಕ್ಕೊಂಡು ಫುಟ್‌ರೆಸ್ಟ್ ಮೇಲೆ ನಿಂತ್ಕೊಂಡು ಎರಡು ಸಲ ಕುಲುಕಿ, ಬೇರೆಯವರ ಕೈಲಿ ಅದೇ ಜಾಗ ಅಳೆಸಿ, 498 ಬಂದ್ರೆ ನಿಮ್ಮ ಸ್ಯಾಗ್, ಅಂದ್ರೆ ನಿಮ್ಮ ತೂಕಕ್ಕೆ ಹಿಂದ್ಗಡೆ ಕೂರೋ ಅಳತೆ, 102. ಸುಮಾರು 100ರ ಆಸುಪಾಸು, ಅಂದ್ರೆ ಒಟ್ಟು ಆಟದ ಮೂರನೇ ಒಂದು ಭಾಗ ಇದ್ರೆ ಸರಿ. ಶಾಕ್ ಸ್ಪ್ರಿಂಗ್ ಮೇಲಿನ ರಿಂಗ್ ತಿರುಗಿಸಿ ಇದನ್ನ ತರ್ಬೇಕು. ಆಮೇಲೆ ನೀವು ಇಳಿದು, ಬೈಕು ತನ್ನ ತೂಕಕ್ಕೆ ಮಾತ್ರ ಎಷ್ಟು ಕೂರತ್ತೆ ನೋಡಿ, 30ರಿಂದ 40 ಇರ್ಬೇಕು. ಅದು 15ಕ್ಕೇ ನಿಂತ್ರೆ ಸ್ಪ್ರಿಂಗ್ ಗಟ್ಟಿ ಅಂತ ಜನ ಅನ್ಕೊಳ್ತಾರೆ, ಉಲ್ಟಾ, ಸ್ಪ್ರಿಂಗ್ ನಿಮಗೆ ಮೆದು ಆಗಿರೋದಕ್ಕೇ ಅಷ್ಟು ಬಿಗಿದು ಕೂರಿಸ್ಬೇಕಾಗಿ ಬಂದಿದ್ದು. ಈ ಹತ್ತು ನಿಮಿಷದ ಕೆಲಸ ಯಾವ ದುಬಾರಿ ಸೈಲೆನ್ಸರ್ ಹಾಕಿಸೋದಕ್ಕಿಂತ ಜಾಸ್ತಿ ಬೈಕ್‌ನ ಬದಲಾಯಿಸತ್ತೆ.

ಟೈರಲ್ಲಿ ಟ್ಯೂಬಾ, ಮೂಸಾ ಅನ್ನೋ ಪ್ರಶ್ನೆ. ಮೂಸ್ ಅಂದ್ರೆ ಟ್ಯೂಬ್ ಬದಲು ಟೈರೊಳಗೆ ಕೂರೋ ಫೋಮಿನ ಬಳೆ, ಪಂಕ್ಚರ್ ಆಗೋ ಮಾತೇ ಇಲ್ಲ, ಹೊಸದರಲ್ಲಿ ಸುಮಾರು 13 ಪಿಎಸ್‌ಐ ಇದ್ದಂಗೆ ಅನ್ಸತ್ತೆ. ಆದ್ರೆ ಹಾಕೋದು ಕುಸ್ತಿ, ಜೆಲ್ ಹಚ್ಚಬೇಕು, ರೋಡಲ್ಲಿ ಜೋರಾಗಿ ಓಡಿಸಿದ್ರೆ ಕಾದು ಕರಗಿ ಪುಡಿಪುಡಿ ಆಗತ್ತೆ. ಹಂಗಾಗಿ ರೋಡ್ ಮುಟ್ಟೋರಿಗೆ ದಪ್ಪ ಟ್ಯೂಬೇ ಸರಿ, ಮಣ್ಣಲ್ಲಿ 12ರಿಂದ 15 ಪಿಎಸ್‌ಐ, ಕಲ್ಲು ಜಾಸ್ತಿ ಇದ್ರೆ ಮೇಲ್ಗಡೆ, ಕೆಸರು ಮರಳು ಇದ್ರೆ ಕೆಳಗಡೆ. ಇಷ್ಟು ಕಮ್ಮಿ ಗಾಳೀಲಿ ಟೈರು ರಿಮ್ ಮೇಲೆ ಜಾರಿ ಟ್ಯೂಬಿನ ಬಾಯಿ ಕಿತ್ಕೊಂಡು ಬರ್ಬಾರ್ದು ಅಂತ ರಿಮ್ ಲಾಕ್ ಇರತ್ತೆ, ಅದರ ನಟ್ ಟೈಟ್ ಇದೆಯಾ ನೋಡ್ಕೊಳ್ಳಿ.

ಮನೆಗೆ ತಂದ್ಮೇಲೆ

ಎಲ್ಲಕ್ಕಿಂತ ಮೊದ್ಲು ಏರ್ ಫಿಲ್ಟರ್. ಆಫ್‌ರೋಡ್ ಇಂಜಿನ್ ಸಾಯೋದು ಜಾಸ್ತಿ ಓಡಿಸಿದ್ದಕ್ಕಲ್ಲ, ಧೂಳು ಕುಡಿದು. ಧೂಳಿನ ದಿನ ಒಂದೇ ರೈಡ್ ಆದ್ರೂ ಬಿಚ್ಚಿ ತೊಳೀಬೇಕು, ಮುಂದೆ ಹೋಗೋರ ಧೂಳು ತಿನ್ಕೊಂಡು ಓಡಿಸಿದ್ರಂತೂ ಕೇಳೋದೇ ಬೇಡ. ಸ್ಪಂಜಿನ ಫಿಲ್ಟರ್ ತೆಗೆಯೋವಾಗ ಮಣ್ಣು ಒಳಗೆ ಉದುರದಂಗೆ ನಿಧಾನಕ್ಕೆ ತೆಗೀರಿ, ತೆಗೆದ ತಕ್ಷಣ ಇಂಜಿನ್ ಕಡೆ ಹೋಗೋ ರಬ್ಬರ್ ಬಾಯಿಗೆ ಒಂದು ಚೊಕ್ಕ ಬಟ್ಟೆ ತುರುಕಿ. ಪೆಟ್ರೋಲಲ್ಲಿ ತೊಳೀಬೇಡಿ, ಸ್ಪಂಜಿನ ಅಂಟು ಬಿಡತ್ತೆ, ಬೆಂಕಿ ಭಯ ಬೇರೆ, ಫಿಲ್ಟರ್ ಕ್ಲೀನರ್ರೇ ಹಾಕಿ, ಆಮೇಲೆ ಉಗುರು ಬೆಚ್ಚಗಿನ ಸೋಪು ನೀರು. ಹಿಸುಕ್ಬೇಕು, ಬಟ್ಟೆ ಹಿಂಡ್ದಂಗೆ ತಿರುಚ್ಬಾರ್ದು, ಹೊಲಿಗೆ ಹರಿಯತ್ತೆ. ಪೂರ್ತಿ ಒಣಗಿದ್ಮೇಲೆ ಫಿಲ್ಟರ್ ಆಯಿಲ್ ಹಾಕಿ, ಎಲ್ಲಾ ಕಡೆ ಒಂದೇ ಬಣ್ಣ ಬರೋ ತನಕ ಕೈಯಲ್ಲಿ ಹಿಸುಕಿ, ಫಿಲ್ಟರಿನ ಅಂಚಿಗೆ ಸ್ವಲ್ಪ ಗ್ರೀಸ್ ಹಚ್ಚಿ ಕೂರಿಸಿ. ನಾನು ಎರಡು ಫಿಲ್ಟರ್ ಮೊದ್ಲೇ ಆಯಿಲ್ ಹಾಕಿ ಕವರಲ್ಲಿ ಕಟ್ಟಿಟ್ಟಿರ್ತೀನಿ, ಸುಸ್ತಾಗಿ ಬಂದ ದಿನ ತೊಳೆಯೋ ಮನಸ್ಸೇ ಇರಲ್ಲ ಅಂತ ನನ್ನ ಬಗ್ಗೆ ನಂಗೆ ಗೊತ್ತು.

ಚೈನು. ಆಫ್‌ರೋಡ್ ಬೈಕಿನ ಚೈನ್ ರೋಡ್ ಬೈಕಿನಷ್ಟು ಬಿಗಿ ಇಡಬಾರ್ದು. ಸ್ವಿಂಗ್‌ಆರ್ಮ್, ಅಂದ್ರೆ ಹಿಂದಿನ ಚಕ್ರ ಹಿಡಿದಿರೋ ತೋಳು, ಮೇಲೆ ಕೆಳಗೆ ಅಷ್ಟುದ್ದ ಆಡೋವಾಗ ಮುಂದಿನ ಸ್ಪ್ರಾಕೆಟ್ಟು, ಸ್ವಿಂಗ್‌ಆರ್ಮಿನ ಪಿವಟ್ಟು, ಹಿಂದಿನ ಆಕ್ಸಲ್ಲು ಮೂರೂ ಒಂದೇ ಗೆರೇಲಿ ಬಂದ ಕ್ಷಣ ಚೈನ್ ಅತಿ ಬಿಗಿ ಆಗತ್ತೆ. ನಿಂತಾಗ ಚೆಂದ ಕಾಣ್ಲಿ ಅಂತ ಬಿಗಿ ಮಾಡಿದ್ರೆ ಜಂಪ್ ಇಳಿಯೋವಾಗ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ಎಳ್ದು ಹಾಕತ್ತೆ. ಸ್ಟೂಲ್ ಮೇಲೆ ಇಟ್ಟಾಗ ಚೈನ್ ಸ್ಲೈಡರ್‌ನ (ಚೈನ್ ಉಜ್ಜದಂಗೆ ಸ್ವಿಂಗ್‌ಆರ್ಮ್ ಮೇಲಿರೋ ಪಟ್ಟಿ) ಹಿಂದಿನ ತುದಿ ಹತ್ರ ಚೈನ್ ಎತ್ತಿದ್ರೆ ಮೂರು ಬೆರಳು ತೂರ್ಬೇಕು ಅನ್ನೋದು ನಮ್ಮ ಕಡೆಯೋರ ಲೆಕ್ಕ, ಸರಿಯಾದ ಅಳತೆ ನಿಮ್ಮ ಮ್ಯಾನ್ಯುಯಲಲ್ಲಿ ಮಿಲಿಮೀಟರಲ್ಲೇ ಬರೆದಿರತ್ತೆ. ಏರು ಹತ್ತೋಕೆ ದಮ್ಮು ಸಾಲ್ತಿಲ್ಲ ಅನ್ಸಿದ್ರೆ ಇಂಜಿನ್ ಮುಟ್ಟೋ ಮುಂಚೆ ಸ್ಪ್ರಾಕೆಟ್ ನೋಡಿ, ಮುಂದೆ ಒಂದು ಹಲ್ಲು ಕಮ್ಮಿ ಮಾಡಿದ್ರೆ ಹಿಂದೆ ಮೂರು ನಾಲ್ಕು ಹಲ್ಲು ಜಾಸ್ತಿ ಮಾಡ್ದಂಗೆ.

ಕಡ್ಡಿಗಳು, ಅಂದ್ರೆ ಸ್ಪೋಕ್ಸು, ಹೊಸ ಬೈಕಲ್ಲಿ ಮೊದಲ ರೈಡಿಗೇ ಸಡಿಲ ಆಗತ್ತೆ. ಸ್ಪ್ಯಾನರಲ್ಲಿ ಒಂದೊಂದೇ ತಟ್ಟಿ ಕೇಳಿ, ಟಿಣ್ ಅಂದ್ರೆ ಸರಿ, ಟಪ್ ಅಂದ್ರೆ ಸಡಿಲ. ಸಡಿಲ ಇದ್ದಿದ್ದನ್ನ ಒಂದೇ ಸಲ ಗಟ್ಟಿಯಾಗಿ ಬಿಗೀಬೇಡಿ, ಕಾಲು ಸುತ್ತು, ಆಮೇಲೆ ಮುಂದಿಂದು. ಆಯಿಲ್ ವಿಷಯ ಹೇಳಿಯಾಯ್ತು, ರೇಸ್ ಇಂಜಿನ್ ಆದ್ರೆ ಓಡಿದ ಗಂಟೆ ಎಣಿಸೋ ಅವರ್ ಮೀಟರ್ ಒಂದು ಹಾಕ್ಸಿ, ಕಿಲೋಮೀಟರ್ ಲೆಕ್ಕ ಇಲ್ಲಿ ಕೆಲ್ಸಕ್ಕೆ ಬರಲ್ಲ. ಮುಂದಿನ ಫೋರ್ಕ್ ಸೀಲಲ್ಲಿ ಎಣ್ಣೆ ಜಿನುಗ್ತಿದ್ರೆ ತಕ್ಷಣ ಸೀಲ್ ಹೋಯ್ತು ಅನ್ಕೋಬೇಡಿ, ಎಷ್ಟೋ ಸಲ ಸೀಲಿನ ತುಟಿ ಒಳಗೆ ಕೆಸರಿನ ಕಣ ಸಿಕ್ಕೊಂಡಿರತ್ತೆ, ಹಳೇ ಕ್ಯಾಮೆರಾ ಫಿಲ್ಮ್ ಥರ ತೆಳ್ಳನೆ ಪ್ಲಾಸ್ಟಿಕ್ ತೂರಿಸಿ ಸುತ್ತಾ ಎಳೆದ್ರೆ ನಿಂತ್ರೂ ನಿಲ್ಲತ್ತೆ. ಹಿಂದಿನ ಶಾಕ್ ಕೆಳಗಿನ ಲಿಂಕೇಜ್ ಬೇರಿಂಗ್ ಯಾರ ಕಣ್ಣಿಗೂ ಬೀಳಲ್ಲ, ಅದಕ್ಕೇ ತುಕ್ಕು ಹಿಡಿದು ಕಚ್ಕೊಳತ್ತೆ, ವರ್ಷಕ್ಕೊಂದ್ಸಲನಾದ್ರೂ ಬಿಚ್ಚಿ ಗ್ರೀಸ್ ಹಾಕಿ. ಪ್ರೆಶರ್ ವಾಷರ್ ಹಿಡ್ಕೊಂಡು ಚಕ್ರದ ಬೇರಿಂಗು, ರೇಡಿಯೇಟರ್ ರೆಕ್ಕೆಗಳ ಮೇಲೆ ಹತ್ರದಿಂದ ಹೊಡೀಬೇಡಿ.

ಇನ್ನೊಂದು ಗೊತ್ತಿರ್ಲೇಬೇಕು, ಹೊಳೇಲಿ ಬೈಕ್ ಮುಳುಗಿದ್ರೆ. ಮೇಲಕ್ಕೆ ಎಳೆದ ತಕ್ಷಣ ಗಾಬರೀಲಿ ಸ್ಟಾರ್ಟ್ ಬಟನ್ ಒತ್ಬೇಡಿ, ನೀರು ಕುಗ್ಗಲ್ಲ, ಸಿಲಿಂಡರಲ್ಲಿ ನೀರಿದ್ರೆ ಕನೆಕ್ಟಿಂಗ್ ರಾಡ್ ಬಗ್ಗತ್ತೆ. ಮೊದ್ಲು ಪ್ಲಗ್ ಬಿಚ್ಚಿ, ಫಿಲ್ಟರ್ ತೆಗೆದು ಹಿಸುಕಿ, ಏರ್‌ಬಾಕ್ಸ್ ನೀರು ಚೆಲ್ಲಿ, ಪ್ಲಗ್ ಇಲ್ದೇನೇ ಇಂಜಿನ್ ತಿರುಗಿಸಿ, ಪ್ಲಗ್ಗಿನ ತೂತಿಂದ ಕಾರಂಜಿ ಥರ ನೀರು ಹೊರಗೆ ಬರತ್ತೆ, ನಿಲ್ಲೋ ತನಕ ತಿರುಗಿಸಿ. ಟೂ ಸ್ಟ್ರೋಕಾದ್ರೆ ಬೈಕ್‌ನ ತಲೆಕೆಳಗು ಮಾಡಿದ್ರೆ ಕ್ರ್ಯಾಂಕ್‌ಕೇಸಲ್ಲಿ ಉಳಿದಿದ್ದೂ ಇಳಿಯತ್ತೆ. ಫೋರ್ ಸ್ಟ್ರೋಕಾದ್ರೆ ಆಯಿಲ್ ಕಿಟಕಿ ನೋಡಿ, ಹಾಲು ಬೆರೆಸ್ದಂಗೆ ಬೆಳ್ಳಗಿದ್ರೆ ಆಯಿಲ್ ಬದಲಾಯಿಸ್ದೆ ಓಡಿಸೋ ಹಂಗಿಲ್ಲ.

ಹಂಗಾದ್ರೆ ಯಾವ್ದು ತಗೊಳ್ಳೋದು

ನನ್ನ ಮಾತು ನೇರ. ತಿಂಗಳಿಗೊಂದೆರಡು ಸಲ ಓಡಿಸೋರು, ಫಿಲ್ಟರು ಚೈನು ಬಿಟ್ಟು ಬೇರೇನೂ ಮುಟ್ಟೋಕೆ ಇಷ್ಟ ಇಲ್ದೋರು, ಹೊಸಬರು, ಏರ್ ಕೂಲ್ಡ್ ಟ್ರೇಲ್ ಬೈಕ್ ತಗೊಳ್ಳಿ, ಕಣ್ಮುಚ್ಚಿ. ಮಣ್ಣಿನ ಜಾಗಕ್ಕೆ ರೋಡಲ್ಲೇ ಓಡಿಸ್ಕೊಂಡು ಹೋಗ್ಬೇಕು, ಟ್ರೈಲರ್ರು ಪಿಕಪ್ಪು ಇಲ್ಲ ಅಂದ್ರೆ ಡ್ಯುಯಲ್ ಸ್ಪೋರ್ಟ್ ಒಂದೇ ದಾರಿ, ಅದ್ರಲ್ಲೂ 250-300 ಸಿಸಿ ಸಾಕು, 650 ಬೇಕಾಗೋದು ಹೈವೇ ಜಾಸ್ತಿ ಇದ್ರೆ ಮಾತ್ರ. ಕಡಿದು ಬೆಟ್ಟ, ಬೇರು, ಬಂಡೆ ಹತ್ತೋ ಹುಚ್ಚಿದೆ, ಮನೇಲಿ ಪಿಸ್ಟನ್ ಬದಲಾಯಿಸೋದು ಕಲಿಯೋಕೂ ಖುಷಿ ಅನ್ನೋರಿಗೆ 250 ಇಲ್ಲಾ 300 ಟೂ ಸ್ಟ್ರೋಕ್ ಎಂಡ್ಯೂರೋ, ನಾನೀಗ ಇಟ್ಕೊಂಡಿರೋದು ಅದೇ. ಉದ್ದ ದಾರಿ, ಮರಳು, ಸ್ಪೀಡು ಇಷ್ಟ ಆದ್ರೆ ಫೋರ್ ಸ್ಟ್ರೋಕ್ ಎಂಡ್ಯೂರೋ. ಮೋಟೋಕ್ರಾಸ್ ಬೈಕು ಟ್ರ್ಯಾಕ್ ಪಕ್ಕದಲ್ಲಿದ್ರೆ ಮಾತ್ರ. 450 ಮೋಟೋಕ್ರಾಸ್ ಮೊದಲ್ನೇ ಬೈಕಾಗಿ ತಗೋತೀನಿ ಅನ್ನೋರಿಗೆ ನಾನು ಸುಮ್ನೆ ಕೈ ಮುಗೀತೀನಿ.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದ್ರೆ ಸ್ಟಿಕ್ಕರು, ಹೊಸ ಪ್ಲಾಸ್ಟಿಕ್ಕು ನೋಡಿ ಮರುಳಾಗ್ಬೇಡಿ, ಒಂದು ಸೆಟ್ ಪ್ಲಾಸ್ಟಿಕ್ ಹಾಕಿದ್ರೆ ಅಜ್ಜನೂ ಮದುಮಗ. ಇಂಜಿನ್ ಮುಟ್ಟಿ ನೋಡಿ, ನೀವು ಬರೋ ಮುಂಚೇನೇ ಬಿಸಿ ಮಾಡಿಟ್ಟಿದ್ರೆ ಕೋಲ್ಡ್ ಸ್ಟಾರ್ಟ್ ತೋರಿಸೋಕೆ ಇಷ್ಟ ಇಲ್ಲ ಅಂತ ಅರ್ಥ, ಆರೋ ತನಕ ಮಾತಾಡ್ತಾ ಕೂತ್ಕೊಳ್ಳಿ. ಹಿಂದಿನ ಚಕ್ರ ಹಿಡಿದು ಮೇಲಕ್ಕೆತ್ತಿ, ಟಕ್ ಅಂತ ಆಡಿದ್ರೆ ಲಿಂಕೇಜ್ ಹೋಗಿದೆ. ಕೊನೇಗೆ ಫಿಲ್ಟರ್ ತೆಗೆಸಿ, ಆ ರಬ್ಬರ್ ಬಾಯೊಳಗೆ ಇಂಜಿನ್ ಕಡೆಗೆ ಬಿಳೀ ಬಟ್ಟೆ ಸುತ್ತಿದ ಬೆರಳು ಹಾಕಿ ಒಂದು ಸುತ್ತು ಒರೆಸಿ. ಬಟ್ಟೆ ಬೆಳ್ಳಗೇ ಬಂದ್ರೆ ರೇಟ್ ಮಾತಾಡೋಕೆ ಶುರು ಮಾಡಿ, ಕೆಮ್ಮಣ್ಣು ಮೆತ್ಕೊಂಡು ಬಂದ್ರೆ ಹೆಲ್ಮೆಟ್ ಎತ್ಕೊಂಡು ಹೊರಡಿ.